ಒಂದನ್ನು ಉಳಿಸೋಕೆ ಇನ್ನೊಂದನ್ನು ಕೊಲ್ಲಬೇಕಾ?

1958ರ ಗಿಬ್ಸನ್ ಲೆಸ್ ಪಾಲ್‌ಗೆ ‘ಒರಿಜಿನಲ್’ ಪಿಕಪ್ಪೇ ಬೇಕಂತೆ. ಅದಕ್ಕಾಗಿ ಅದೇ ಕಾಲದ ಇಎಸ್-175 ಗಿಟಾರಿನ ಹೊಟ್ಟೆ ಬಗೆದು ಪಿಕಪ್ ಕೀಳ್ತಾರೆ. ಇದಕ್ಕೆ ಜೀರ್ಣೋದ್ಧಾರ ಅಂತ ಹೆಸರು ಬೇರೆ! ಪಕ್ಕದೂರಿನ ಗುಡಿ ಕಂಬ ಕಿತ್ತು ನಮ್ಮೂರ ಗುಡಿ ರಿಪೇರಿ ಮಾಡಿದ ಹಾಗಾಯ್ತು.

ಸೆತ್ ಲವರ್ ರೂಪಿಸಿದ, 1957ರಿಂದ ಗಿಬ್ಸನ್ ಗಿಟಾರುಗಳಿಗೆ ಬಂದ ಆ ಹಂಬಕರ್‌ನಲ್ಲಿ ಇರೋದೇನು ಸ್ವಾಮೀ? ಎರಡು ಸುರುಳಿ, ಒಂದು ಆಲ್ನಿಕೋ ಅಯಸ್ಕಾಂತ, ಕೂದಲೆಳೆಯಂಥ ತಾಮ್ರದ ತಂತಿ. ತಂತಿ ತುಂಡಾದ್ರೆ ಮತ್ತೆ ಸುತ್ತಬಹುದು. ಪಿಕಪ್ಪೇ ಕಳೆದಿದ್ರೆ ಹೊಸದು ಹಾಕಿ, ಹಾಕಿದ್ದನ್ನು ಚೀಟಿಯಲ್ಲಿ ಬರೆದಿಡಿ.

‘ಬೆಲೆ ಬೀಳುತ್ತೆ’ ಅಂತಾರೆ. ಬೀಳಲಿ ಬಿಡಿ! ಬೆಲೆ ಉಳಿಸೋದು ಬೇರೆ, ಗಿಟಾರ್ ಉಳಿಸೋದು ಬೇರೆ. ಎರಡಿದ್ದದ್ದು ಒಂದಾದ್ರೆ ಅದು ಉಳಿಸಿದ್ದಲ್ಲ, ಕಳೆದಿದ್ದು ಅನ್ನೋದು ನನ್ನ ಲೆಕ್ಕ.

ನೀವೇನಂತೀರಿ?