ಮಲಗಿದರೆ ಉಸಿರು ಸಾಲದು ಅಂದರೆ...

ಯಜಮಾನರಿಗೋ ಮಾವನವರಿಗೋ ಹೃದಯದ ಆಪರೇಷನ್ ಆಗಿ ಮನೆಗೆ ಬಂದರು ಅಂದರೆ ಮನೆಮಂದಿಗೆಲ್ಲ ಹೋದ ಜೀವ ಬಂದ ಹಾಗೆ. ದೇವರಿಗೆ ತುಪ್ಪದ ದೀಪ ಹಚ್ಚಿ, ನೋಡಲು ಬಂದವರಿಗೆ ಕಾಫಿ ಕೊಟ್ಟು, ರಾತ್ರಿ ನೆಮ್ಮದಿಯಿಂದ ಹಾಸಿಗೆ ಹಾಸುತ್ತೀರಿ. ಕೆಲವು ಮನೆಗಳಲ್ಲಿ ಹೊಸ ಪೇಚಾಟ ಶುರುವಾಗುವುದು ಆಗಲೇ. "ಮಲಗಿದರೆ ಉಸಿರೇ ಸಾಲದು ಕಣೇ, ಎತ್ತಿ ಕೂರಿಸು" ಅಂತಾರೆ. ಕೂತರೆ ಪರವಾಗಿಲ್ಲ, ಮಲಗಿದರೆ ಒದ್ದಾಟ. ಗೋಡೆಗೆ ಒರಗಿಕೊಂಡೇ ಬೆಳಗು ಮಾಡುತ್ತಾರೆ. ಬಂದವರು "ಅದೆಲ್ಲ ಭಯ, ಸ್ವಲ್ಪ ಧೈರ್ಯ ಹೇಳಿ" ಅಂದು ಹೋಗುತ್ತಾರೆ.

ಭಯವೂ ಇರಬಹುದು ಅನ್ನಿ. ಆದರೆ ಭಯವೇ ಅಂತ ಮನೆಯಲ್ಲೇ ತೀರ್ಮಾನ ಮಾಡಿಬಿಡಬೇಡಿ. ಈ ಸಲ ನಿಮಗೆ ನಾನು ಹೇಳಬೇಕೆಂದಿರುವುದು ಇದನ್ನೇ.

ನಾವು ಉಸಿರಾಡುವಾಗ ಹೆಚ್ಚಿನ ದುಡಿಮೆ ಮಾಡುವುದು ಎದೆಗೂ ಹೊಟ್ಟೆಗೂ ನಡುವೆ ಇರುವ ಒಂದು ಸ್ನಾಯುವಿನ ಪರದೆ. ಡಾಕ್ಟರು ಡಯಾಫ್ರಮ್ ಅನ್ನುತ್ತಾರೆ, ಕನ್ನಡದಲ್ಲಿ ವಪೆ. ಬೋರಲು ಹಾಕಿದ ಬೋಗುಣಿಯ ಆಕಾರ ಇದಕ್ಕೆ. ಉಸಿರು ಎಳೆದಾಗ ಇದು ಕೆಳಗಿಳಿದು ಶ್ವಾಸಕೋಶಕ್ಕೆ ಜಾಗ ಮಾಡಿಕೊಡುತ್ತದೆ, ಹೊಟ್ಟೆ ಮುಂದೆ ಬರುತ್ತದೆ. ತೊಟ್ಟಿಲಲ್ಲಿ ಮಲಗಿದ ಮಗುವಿನ ಹೊಟ್ಟೆ ಏರಿಳಿಯುವುದನ್ನು ನೀವೆಲ್ಲ ನೋಡಿದ್ದೀರಲ್ಲ, ಅದು ಇದರದೇ ಕೆಲಸ.

ಈ ವಪೆಯನ್ನು ನಡೆಸುವುದು ಎಡಕ್ಕೊಂದು ಬಲಕ್ಕೊಂದು ಇರುವ ಎರಡು ನರಗಳು. ಫ್ರೆನಿಕ್ ನರ ಅಂತ ಹೆಸರು. ಕತ್ತಿನಲ್ಲಿ ಹುಟ್ಟಿ, ಹೃದಯದ ಚೀಲಕ್ಕೆ ಅಂಟಿಕೊಂಡಂತೆ ಕೆಳಗಿಳಿಯುತ್ತವೆ. ಹೃದಯದ ಆಪರೇಷನ್ ನಡೆಯುವ ಜಾಗವೂ ಅದೇ ತಾನೇ? ಹೃದಯವನ್ನು ತಣ್ಣಗಿಡಲು ಸುತ್ತ ಮಂಜುಗಡ್ಡೆಯ ಪುಡಿ ಹಾಕಿದ್ದರೆ ಅದರ ಚಳಿ ತಗುಲಿ ನರ ಮರಗಟ್ಟಬಹುದು. ಬೈಪಾಸ್‌ಗಾಗಿ ಎದೆಯ ಒಳಗೋಡೆಯಿಂದ ರಕ್ತನಾಳ ಬಿಡಿಸಿಕೊಳ್ಳುವಾಗ ಪಕ್ಕದ ನರಕ್ಕೆ ಪೆಟ್ಟಾಗಬಹುದು, ಅದಕ್ಕೆ ಹೋಗುವ ರಕ್ತ ಕಡಿಮೆಯಾಗಬಹುದು. ಹೆಚ್ಚಾಗಿ ತೊಂದರೆಯಾಗುವುದು ಎಡಗಡೆಗೆ. ಜೋಪಾನವಾಗಿ ಮಾಡಿದ ಆಪರೇಷನ್ನಿನಲ್ಲೂ ಹೀಗಾಗುವುದುಂಟು. ಆದ್ದರಿಂದ ಯಾರನ್ನೋ ಬೈಯುತ್ತ ಕೂರುವುದರಲ್ಲಿ ಲಾಭವಿಲ್ಲ.

ಒಂದೇ ಕಡೆ ಸೋತಿದ್ದರೆ ಕೆಲವರಿಗೆ ಗೊತ್ತೇ ಆಗುವುದಿಲ್ಲ. ಇನ್ನು ಕೆಲವರಿಗೆ ಮಲಗಿದಾಗ ಹೊಟ್ಟೆಯ ಒಳಗಿನದೆಲ್ಲ ಮೇಲಕ್ಕೆ ಒತ್ತಿ ಉಸಿರು ಕಟ್ಟಿದಂತಾಗುತ್ತದೆ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ, ಮೆಟ್ಟಿಲು ಹತ್ತಿದಾಗ, ಹೊಳೆಯಲ್ಲಿ ಎದೆಮಟ್ಟದ ನೀರಿಗೆ ಇಳಿದಾಗ ಏದುಸಿರು ಬರುತ್ತದೆ. ಎರಡೂ ಕಡೆ ಸೋತರೆ ಕಷ್ಟ ಜಾಸ್ತಿ. ಅಂಥವರು ಉಸಿರು ಎಳೆದಾಗ ಹೊಟ್ಟೆ ಮುಂದೆ ಬರುವ ಬದಲು ಒಳಕ್ಕೆ ಹೋಗುತ್ತದೆ. ಕನಸು ಬೀಳುವ ಹೊತ್ತಿನ ನಿದ್ದೆಯಲ್ಲಿ ಸಹಾಯಕ್ಕೆ ಬರುವ ಬೇರೆ ಸ್ನಾಯುಗಳೂ ಸಡಿಲವಾಗುವುದರಿಂದ ರಾತ್ರಿ ತೊಂದರೆ ಹೆಚ್ಚು. ಬೆಳಿಗ್ಗೆ ಎದ್ದಾಗ ತಲೆನೋವು, ಹಗಲೆಲ್ಲ ತೂಕಡಿಕೆ.

ಇದನ್ನೆಲ್ಲ ನೋಡುವವರು ಯಾರು? ಡಾಕ್ಟರು ನೋಡುವುದು ಹಗಲಿನಲ್ಲಿ, ಕುರ್ಚಿಯ ಮೇಲೆ ಕೂತಿರುವ ರೋಗಿಯನ್ನು. ರಾತ್ರಿ ಎರಡು ಗಂಟೆಗೆ ನೋಡುವವರು ನೀವು. ಎಷ್ಟು ದಿಂಬು ಬೇಕಾಯಿತು, ಎಷ್ಟು ಸಲ ಎದ್ದು ಕೂತರು, ಹೊಟ್ಟೆ ಹೇಗೆ ಆಡುತ್ತಿತ್ತು, ಎಲ್ಲವನ್ನೂ ಹಾಲಿನ ಲೆಕ್ಕದ ಹಾಗೆ ಒಂದು ಚೀಟಿಯಲ್ಲಿ ಬರೆದಿಡಿ. "ಸುಸ್ತು, ಡಾಕ್ಟ್ರೇ" ಅನ್ನುವ ಬದಲು "ಮಲಗಿದರೆ ಉಸಿರು ಸಾಲದು, ಕೂತರೆ ಸರಿಹೋಗುತ್ತೆ" ಅಂತಲೇ ಹೇಳಿ.

ಹೃದಯ ಸೋತರೂ, ಎದೆಯಲ್ಲಿ ನೀರು ತುಂಬಿದರೂ ಹೀಗೇ ಆಗುತ್ತದೆ. ಯಾವುದೆಂದು ಪತ್ತೆ ಮಾಡಬೇಕಾದವರು ಡಾಕ್ಟರೇ. ಎಕ್ಸ್‌ರೇಯಲ್ಲಿ ವಪೆಯ ಒಂದು ಕಡೆ ಮೇಲೇರಿರುವುದು ಕಾಣಬಹುದು. ಸ್ಕ್ಯಾನಿಂಗ್‌ನಲ್ಲಿ, ಇಲ್ಲವೇ ಮೂಗಿನಿಂದ ಸರಕ್ಕನೆ ಉಸಿರು ಎಳೆಸಿ ಎಕ್ಸ್‌ರೇ ಪರದೆಯ ಮೇಲೆ ನೋಡಿ, ಅದು ಆಡುತ್ತಿದೆಯೇ ಅಂತ ತಿಳಿಯುತ್ತಾರೆ.

ಸಮಾಧಾನದ ಮಾತೆಂದರೆ, ನರ ತುಂಡಾಗಿರದಿದ್ದರೆ ಬಹಳ ಮಂದಿಗೆ ತಾನಾಗಿ ಚೇತರಿಕೆ ಆಗುತ್ತದೆ. ಆದರೆ ಪೆಟ್ಟಾದ ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಕಾಯಬೇಕು. ಅಲ್ಲಿವರೆಗೆ ಕೆಲವರಿಗೆ ರಾತ್ರಿ ಮುಖಕ್ಕೆ ಕಟ್ಟಿಕೊಳ್ಳುವ ಬೈಪ್ಯಾಪ್ ಯಂತ್ರ ಬೇಕಾಗಬಹುದು. ಗುಣವಾಗದೇ ಉಳಿದರೆ ಸಡಿಲವಾದ ವಪೆಯನ್ನು ನೆರಿಗೆ ಹಿಡಿದು ಹೊಲಿಯುವ ಆಪರೇಷನ್ನೂ ಇದೆ.

ಮನೆಯಲ್ಲಿ ನೀವು ಮಾಡಬಹುದಾದದ್ದು ಏನು?

ತಲೆ ಮತ್ತು ಬೆನ್ನು ಎರಡೂ ಎತ್ತರಕ್ಕೆ ಬರುವ ಹಾಗೆ ದಿಂಬು ಜೋಡಿಸಿ. ಬರೀ ತಲೆಯ ಕೆಳಗೆ ಇಟ್ಟರೆ ಕತ್ತು ನೋಯುತ್ತದೆ.

ಹೊಟ್ಟೆ ಬಿರಿಯ ಬಡಿಸಬೇಡಿ. ತುಂಬಿದ ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಸ್ವಲ್ಪಸ್ವಲ್ಪವೇ ನಾಲ್ಕೈದು ಸಲ ಕೊಡಿ. ರಾತ್ರಿ ಊಟ ಬೇಗ ಮುಗಿಯಲಿ. ಮಲಬದ್ಧತೆ ಆಗದಂತೆ ಸೊಪ್ಪು, ತರಕಾರಿ ಇರಲಿ. ಉಪ್ಪಿನಕಾಯಿ, ಹಪ್ಪಳ ದೂರವಿರಲಿ.

ಆಸ್ಪತ್ರೆಯಲ್ಲಿ ಮೂರು ಚೆಂಡಿನ ಪ್ಲಾಸ್ಟಿಕ್ ಉಪಕರಣ ಕೊಟ್ಟಿದ್ದರೆ ಮೊಮ್ಮಕ್ಕಳ ಆಟಕ್ಕೆ ಬಿಡಬೇಡಿ. ಅದರಲ್ಲಿ ಊದುವುದಲ್ಲ, ನಿಧಾನವಾಗಿ ಉಸಿರು ಎಳೆಯುವುದು. ಕೆಮ್ಮುವಾಗ ಎದೆಗೆ ದಿಂಬು ಅವುಚಿಕೊಳ್ಳಲಿ.

ನಿದ್ದೆ ಬರುವುದಿಲ್ಲವೆಂದು ನಿಮ್ಮಷ್ಟಕ್ಕೆ ನೀವೇ ನಿದ್ದೆಮಾತ್ರೆ ಕೊಡಬೇಡಿ. ಮೊದಲೇ ಸೋತ ಉಸಿರಾಟ ಇನ್ನೂ ಕುಗ್ಗಬಹುದು.

ತುಟಿ ನೀಲಿಯಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆನೋವು ಬಂದರೆ, ಮಾತಿನಲ್ಲಿ ಗಲಿಬಿಲಿ ಕಂಡರೆ, ಎಬ್ಬಿಸಿದರೂ ಎಚ್ಚರವಾಗದಿದ್ದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ. ಜ್ವರ ಬಂದರೆ, ಗಾಯ ಸೋರಿದರೆ, ಕಾಲು ಊದಿದರೆ ಅವತ್ತೇ ಡಾಕ್ಟರಿಗೆ ತೋರಿಸಿ.

ಕಡೆಯದಾಗಿ ಒಂದು ಮಾತು. ಆಪರೇಷನ್ ಆದವರು ನೀವೇ ಆಗಿದ್ದರೆ? ಗಂಡಸರು ಎಬ್ಬಿಸಿ ಹೇಳುತ್ತಾರೆ. ನಾವು ಹೆಂಗಸರು ಸದ್ದಿಲ್ಲದೆ ಎದ್ದು ಅಡಿಗೆಮನೆಯ ಬಾಗಿಲಿಗೆ ಒರಗಿ ಕೂತು, ಬೆಳಿಗ್ಗೆ ಏನೂ ಆಗದವರಂತೆ ಹಾಲು ಕಾಯಿಸುತ್ತೇವೆ. ಅವರ ನಿದ್ದೆ ಯಾಕೆ ಕೆಡಿಸಲಿ, ಆಗಲೇ ಎಷ್ಟೊಂದು ದುಡ್ಡು ಖರ್ಚಾಗಿದೆ ಅನ್ನುವ ಸಂಕೋಚ. ದಯವಿಟ್ಟು ಹಾಗೆ ಮಾಡಬೇಡಿ. ಗಂಡನಿಗೋ ಸೊಸೆಗೋ ಇವತ್ತೇ ಹೇಳಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಚೀಟಿಯಲ್ಲಿ ಮೊದಲ ಸಾಲಾಗಿ ಬರೆದುಕೊಳ್ಳಿ: ಮಲಗಿದರೆ ನನಗೆ ಉಸಿರು ಸಾಲದು.