ಕಾಲ ತಪ್ಪಿ ಬಂದವರೆಂಬ ಅಪವಾದ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಕಿವಿಗೊಡುವ ಮನೆಗಳು ಇಂದು ಉಡುಪಿ ಮಣಿಪಾಲಗಳಲ್ಲಿ ಇಲ್ಲದಿಲ್ಲ. ಅಂತಹ ಮನೆಗಳ ಚಾವಡಿಯಲ್ಲಿ ರಾತ್ರಿಯ ಊಟವಾದ ಮೇಲೆ ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯದರ ಮೊದಲಿಗೂ ಸೇರಿದ ಸಂಗೀತಕರ್ತರನ್ನು ತಕ್ಕಡಿಗೆ ಹಾಕುವುದು ಒಂದು ವಿನೋದವಾಗಿದೆ. ಮಾಹ್ಲರ್, ಸಿಬೇಲಿಯಸ್, ಡೆಬ್ಯುಸಿ, ರಾವೆಲ್, ರಖ್ಮಾನಿನೋವ್, ಸ್ಟ್ರಾವಿನ್‌ಸ್ಕಿ, ಇವರೊಳಗೆ ಹಿರಿಯರಾರು, ಕಿರಿಯರಾರು? ವಿನೋದವಾಗಿರುವ ತನಕ ಇದರಲ್ಲಿ ದೋಷವಿಲ್ಲ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವ ಕಲ್ಲು ಯಾವುದೆಂದು ನೋಡಿದರೆ, ಅದು ಯಾವಾಗಲೂ ಒಂದೇ ಕಲ್ಲು. ಹಳೆಯ ಕಟ್ಟನ್ನು ಮುರಿದವರು ಹಿರಿಯರು. ಮುರಿಯದವರು ಕಾಲ ತಪ್ಪಿ ಹುಟ್ಟಿದವರು. ಅದೇ ಕಲ್ಲನ್ನು ಮರುದಿನ ಕರ್ಣಾಟಕ ಸಂಗೀತದ ಅಂಗಡಿಗೂ ಹೊತ್ತು ತರುತ್ತಾರೆ. ತ್ರಿಮೂರ್ತಿಗಳಾದ ಮೇಲೆ ಹುಟ್ಟಿದವರೆಲ್ಲ ಬರಿಯ ಅನುಕರಣಕಾರರೆಂದು ತೀರ್ಪಾಗುತ್ತದೆ. ಕೃತಿಯನ್ನು ಕೇಳುವ ತೊಂದರೆ ಎರಡು ಕಡೆಯೂ ತಪ್ಪಿತು.

ಈ ಮತಕ್ಕೆ ಚರಿತ್ರೆಯಲ್ಲಿ ಆಧಾರವೇ ಇಲ್ಲವೆಂದು ಯಾರೂ ಹೇಳುವುದಿಲ್ಲ. 1908ರ ಸುಮಾರಿಗೆ ಷೋನ್‌ಬೆರ್ಗನು ಸ್ವರಗಳನ್ನು ಒಂದು ಆಧಾರಕ್ಕೆ ಕಟ್ಟಿಹಾಕುವ ಪದ್ಧತಿಯನ್ನೇ ಕೈಬಿಡತೊಡಗಿದನು. 1913ರ ಮೇ 29ರಂದು ಪ್ಯಾರಿಸ್ಸಿನಲ್ಲಿ ಸ್ಟ್ರಾವಿನ್‌ಸ್ಕಿಯ ವಸಂತದ ನೃತ್ಯರೂಪಕವು ಮೊದಲು ಪ್ರದರ್ಶಿತವಾದಾಗ ಸಭೆ ಗದ್ದಲವೆದ್ದಿತು. ಇವು ಮಹತ್ತರವಾದ ಘಟನೆಗಳೇ ಸರಿ. ಆದರೆ ಒಬ್ಬನು ಹೊಸ ಮನೆ ಕಟ್ಟಿದನೆಂದ ಮಾತ್ರಕ್ಕೆ ನೆರೆಯವನ ಮನೆ ಪಾಳುಬಿದ್ದಿತೆಂದು ಹೇಳುವುದು ಯಾವ ನ್ಯಾಯ? ಇಂಗ್ಲೆಂಡಿನಲ್ಲಿ ಪ್ರಮಾಣಗ್ರಂಥವೆನಿಸಿದ ಗ್ರೋವ್ ಸಂಗೀತಕೋಶವು 1954ರ ತನ್ನ ಆವೃತ್ತಿಯಲ್ಲಿ, ರಖ್ಮಾನಿನೋವನ ಕೆಲವು ಕೃತಿಗಳಿಗೆ ಜನರಲ್ಲಿ ದೊರೆತ ಮನ್ನಣೆ ಬಹುಕಾಲ ಬಾಳದೆಂದು ಭವಿಷ್ಯ ನುಡಿಯಿತು. ಆ ಮಾತಿಗೆ ಈಗ ಎಪ್ಪತ್ತು ವರ್ಷಗಳು ಸಂದಿವೆ. ರಖ್ಮಾನಿನೋವನ ಕಾನ್ಚೆರ್ಟೋ ನುಡಿಸದ ಪಿಯಾನೋವಾದಕನನ್ನು ಹುಡುಕಬೇಕಾಗಿದೆ. ಆ ಭವಿಷ್ಯವನ್ನು ಮಾತ್ರ ನಗುವುದಕ್ಕಾಗಿ ನೆನೆಯುತ್ತಾರೆ.

ಈ ವಿವಾದದಲ್ಲಿ ಕನ್ನಡಿಗನೊಬ್ಬನು ಬಹು ಹಿಂದೆಯೇ ಪಕ್ಷ ವಹಿಸಿದ್ದನೆಂಬುದು ಚಾವಡಿಯ ಪಂಡಿತರಿಗೆ ತಿಳಿದಂತಿಲ್ಲ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು (1919–1974) ಬಾಲ್ಯದಿಂದ ಪಿಯಾನೋ ಅಭ್ಯಸಿಸಿದವರು. ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಶಿಯೇಟ್ ಆದವರು. 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಒಬ್ಬರ ಹಿಂದೊಬ್ಬರು ತೀರಿಕೊಂಡು ಸಿಂಹಾಸನವು ಕೊರಳಿಗೆ ಬೀಳದಿದ್ದರೆ ಅವರ ಬಾಳು ಯಾವ ದಾರಿ ಹಿಡಿಯುತ್ತಿತ್ತೋ! ಅವರು ಮೆಚ್ಚಿ ಕೈಹಿಡಿದುದು ಯಾರನ್ನು? ಯೂರೋಪಿನ ಮೆಚ್ಚುಗೆಯೆಲ್ಲ ಹೊಸಬರ ಕಡೆಗೆ ಹರಿಯುತ್ತಿದ್ದ ಕಾಲದಲ್ಲಿ, ಲಂಡನ್ನಿನ ಒಂದು ಮೂಲೆಯಲ್ಲಿ ಬಡತನದಿಂದಲೂ ಹೃದ್ರೋಗದಿಂದಲೂ ನಲುಗಿದ್ದ ನಿಕೊಲಾಯ್ ಮೆಟ್ನರ್ ಎಂಬ ವೃದ್ಧ ರಷ್ಯನನ್ನು. ಮೈಸೂರಿನ ಹಣದಿಂದ ಮೆಟ್ನರ್ ಸಂಘವು ಏರ್ಪಟ್ಟಿತು. 1947ರಲ್ಲಿ ಆತನ ಮೂರು ಕಾನ್ಚೆರ್ಟೋಗಳೂ ಆತನ ಕೈಯಿಂದಲೇ ನುಡಿಸಲ್ಪಟ್ಟು ಮುದ್ರಿತವಾದುವು. ಸೊನಾಟಾಗಳೂ ಹಾಡುಗಳೂ ಜೊತೆಗೂಡಿದುವು. ಮೂರನೆಯ ಕಾನ್ಚೆರ್ಟೋವನ್ನು ಕೃತಜ್ಞನಾದ ಮೆಟ್ನರನು ಮೈಸೂರಿನ ಮಹಾರಾಜರಿಗೆ ಅಂಕಿತಮಾಡಿದನು. 1951ರ ನವೆಂಬರಿನಲ್ಲಿ ಆತನು ತೀರಿಕೊಂಡನು. ಈ ಮುದ್ರಿಕೆಗಳಾಗದಿದ್ದರೆ ಆ ಕೃತಿಗಳು ಕರ್ತೃವಿನ ಬೆರಳುಗಳಲ್ಲಿ ಹೇಗಿದ್ದುವೆಂಬುದು ಲೋಕಕ್ಕೆ ಇಷ್ಟು ಪೂರ್ಣವಾಗಿ ತಿಳಿಯುತ್ತಿರಲಿಲ್ಲ. ಯಾರು ಹಿರಿಯರೆಂಬ ವಾದಕ್ಕೆ ಮಹಾರಾಜರು ಕೊಟ್ಟ ಉತ್ತರವು ಇದು: ಮೊದಲು ಕೇಳುವಂತಾಗಲಿ, ತೂಗುವುದು ಆಮೇಲಾಗಲಿ.

ರಖ್ಮಾನಿನೋವನನ್ನೂ ಮೆಟ್ನರನನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಸರಿಯಾದ ತಾರತಮ್ಯವಿಚಾರ. ಏಕೆಂದರೆ ಅವರೇ ಪರಸ್ಪರ ಅದನ್ನು ನಡೆಸಿದ್ದರು. ಏಳು ವರ್ಷದ ಅಂತರದ ಗೆಳೆಯರು. ಇಬ್ಬರೂ ಮಾಸ್ಕೋದಲ್ಲಿ ಕಲಿತವರು. ಕ್ರಾಂತಿಯ ತರುವಾಯ ಇಬ್ಬರೂ ತಾಯ್ನಾಡನ್ನು ತೊರೆದವರು. ರಖ್ಮಾನಿನೋವನ ನಾಲ್ಕನೆಯ ಕಾನ್ಚೆರ್ಟೋ ಮೆಟ್ನರನಿಗೆ ಅಂಕಿತ. ಮೆಟ್ನರನ ಎರಡನೆಯದು ರಖ್ಮಾನಿನೋವನಿಗೆ. ಹೊಸ ಸಂಗೀತದ ಹುಚ್ಚನ್ನು ಖಂಡಿಸಿ ಮೆಟ್ನರನು ಬರೆದ ಪುಸ್ತಕವನ್ನು 1935ರಲ್ಲಿ ಬೆಳಕಿಗೆ ತಂದವನೂ ರಖ್ಮಾನಿನೋವನೇ. ಆದರೂ ಕೃತಿಗಳಲ್ಲಿ ಅವರು ಒಂದೇ ಅಲ್ಲ. ರಖ್ಮಾನಿನೋವನಲ್ಲಿ ರಾಗವು ಮೊದಲು ಹುಟ್ಟಿ ಹೊಳೆಯಂತೆ ಹರಿಯುತ್ತದೆ. ಕೇಳುವವನು ದಡದಲ್ಲಿ ನಿಂತರೂ ಸಾಕು, ನೀರು ಕಾಲಿಗೆ ಬರುತ್ತದೆ. ಮೆಟ್ನರನಲ್ಲಿ ಹಾಗಲ್ಲ. ನಾಲ್ಕೈದು ಸ್ವರಗಳ ಒಂದು ಬೀಜ ಮೊದಲು ಕಾಣುತ್ತದೆ. ಅದು ಎಡಗೈಯಲ್ಲಿ ಒಂದು ನಡೆಯಾಗಿ, ಬಲಗೈಯಲ್ಲಿ ಇನ್ನೊಂದು ನಡೆಯಾಗಿ, ಒಂದನ್ನೊಂದು ಹೆಣೆದುಕೊಂಡು ಬೆಳೆಯುತ್ತದೆ. 'ರಾತ್ರಿಯ ಗಾಳಿ' ಎಂಬ ಸೊನಾಟಾ ಅರ್ಧ ಗಂಟೆಗೂ ಮಿಕ್ಕಿ ಎಲ್ಲಿಯೂ ನಿಲ್ಲದೆ ಸಾಗುವ ಒಂದೇ ಪ್ರವಾಹ. ಮೊದಲ ಸಲ ಕೇಳಿದವನಿಗೆ ಅದು ದಟ್ಟವಾದ ಕಾಡು. ನಾಲ್ಕನೆಯ ಸಲಕ್ಕೆ ದಾರಿಗಳು ತೋರುತ್ತವೆ. ಹಾಡಿನ ಸವಿಯಲ್ಲಿ ಮೆಟ್ನರನು ಗೆಳೆಯನಿಗೆ ಸಮನಲ್ಲವೆಂದು ಒಪ್ಪಬೇಕು. ವಾದ್ಯವೃಂದವನ್ನು ಬಳಸುವುದರಲ್ಲಿಯೂ ಆತನ ಕೈ ಬಡವಾದುದು, ಆತನಿಂದ ಒಂದು ಸಿಂಫನಿಯೂ ಹೊರಡಲಿಲ್ಲ. ಲಯದ ನೆಯ್ಗೆಯಲ್ಲಿಯಾದರೋ ಗೆಳೆಯನೇ ಆತನ ಮುಂದೆ ತುಸು ಸರಳನಾಗಿ ಕಾಣುತ್ತಾನೆ. ತಾರತಮ್ಯವೆಂದರೆ ಹೀಗೆ ಅಂಗಾಂಗಗಳನ್ನು ನೋಡಿ ಹೇಳತಕ್ಕ ಮಾತು. ಇಬ್ಬರ ಹೆಸರಿನ ಮುಂದೆಯೂ 'ಕಾಲ ತಪ್ಪಿದವನು' ಎಂದು ಬರೆದು ಪುಸ್ತಕ ಮುಚ್ಚುವವರಿಗೆ ಇದಾವುದೂ ಬೇಕಾಗಿಲ್ಲ.

ರಿಚರ್ಡ್ ಸ್ಟ್ರೌಸನ ಸಂಗತಿ ಇನ್ನೂ ವಿಚಿತ್ರವಾದುದು. 1909ರ 'ಎಲೆಕ್ಟ್ರಾ'ದಲ್ಲಿ ಕರ್ಕಶತೆಯ ಅಂಚಿನವರೆಗೂ ಹೋಗಿದ್ದವನು ಅಲ್ಲಿಂದ ಹಿಂದಿರುಗಿದನು. ಹೇಡಿತನದಿಂದ ಹಿಂದಿರುಗಿದನೆಂದು ವಿಮರ್ಶಕರೆಂದರು. 84ನೆಯ ವಯಸ್ಸಿನಲ್ಲಿ, 1948ರಲ್ಲಿ, ಆತನು ಬರೆದ 'ನಾಲ್ಕು ಕೊನೆಯ ಹಾಡುಗಳು' ಅರವತ್ತು ವರ್ಷ ಹಿಂದಿನ ಸ್ವರಭಾಷೆಯಲ್ಲಿವೆ. ಮರಣವನ್ನು ಇಷ್ಟು ನಿರಾತಂಕವಾಗಿ ಎದುರುಗೊಂಡ ಹಾಡುಗಳು ಆ ಶತಮಾನದಲ್ಲಿ ಬೇರೆ ಸಿಗುವುದು ಕಷ್ಟ. 1950ರ ಮೇ 22ರಂದು ಲಂಡನ್ನಿನಲ್ಲಿ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಅವುಗಳನ್ನು ಮೊದಲು ಹಾಡಿದಾಗ ಆ ಕಛೇರಿಯ ವೆಚ್ಚಕ್ಕೆ ಹೊಣೆ ನಿಂತವರೂ ಮೈಸೂರಿನ ಮಹಾರಾಜರೇ.

ಈಗ ಮನೆಯ ಕಡೆಗೆ. ಮೆಟ್ನರನಿಗಾಗಿ ಹಣ ಕೊಡುತ್ತಿದ್ದ ಆ ಕಾಲದಲ್ಲಿಯೇ ಒಡೆಯರು ತಾವೂ ರಚನೆಗೆ ತೊಡಗಿ, 'ಶ್ರೀವಿದ್ಯಾ' ಎಂಬ ಅಂಕಿತದಲ್ಲಿ 94 ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. ಪಿಯಾನೋ ಬಲ್ಲ ರಾಜನು ಕರ್ಣಾಟಕ ಸಂಗೀತಕ್ಕೆ ಪಾಶ್ಚಾತ್ಯ ಸ್ವರಮೇಳವನ್ನು ಹೊಲಿಯಬಹುದಾಗಿತ್ತು, ಹೊಲಿಯಲಿಲ್ಲ. ಪಲ್ಲವಿ, ಅನುಪಲ್ಲವಿ, ಚರಣಗಳ ಹಳೆಯ ಕಟ್ಟನ್ನೇ ಹಿಡಿದು ಅಪೂರ್ವರಾಗಗಳನ್ನು ಅರಸಿದರು. ಸಾಹಿತ್ಯವು ತಂತ್ರಶಾಸ್ತ್ರದ ಪದಗಳಿಂದ ಕೆಲವೆಡೆ ಭಾರವಾಗಿದೆಯೆಂಬ ಆಕ್ಷೇಪ ನಿಜ. ಅವರ ಗುರು ಮೈಸೂರು ವಾಸುದೇವಾಚಾರ್ಯರ (1865–1961) ಕೃತಿಗಳಲ್ಲಿರುವ ನಿರಾಯಾಸವಾದ ಓಟ ಅಲ್ಲಿಲ್ಲ. ಮುತ್ತಯ್ಯ ಭಾಗವತರಾದರೋ (1877–1945) ಮೋಹನಕಲ್ಯಾಣಿಯಂತಹ ರಾಗಗಳನ್ನು ಹಳೆಯ ಕೃತಿಯ ಚೌಕಟ್ಟಿನೊಳಗೇ ಹುಟ್ಟಿಸಿದರು. ಚಾಮುಂಡಾಂಬೆಯ ಮೇಲೆ 108 ಕೃತಿಗಳನ್ನು ಕನ್ನಡದಲ್ಲಿಯೇ ಕೊಟ್ಟರು. ಮೂವರೂ ಮೂರು ಬಗೆ. ಮೂವರನ್ನೂ 'ತ್ರಿಮೂರ್ತಿಗಳ ನೆರಳು' ಎಂಬ ಒಂದೇ ಮಾತಿನಿಂದ ಅಳಿಸಿಹಾಕುವವರು ನೆರಳನ್ನು ಕಂಡಿದ್ದಾರೆ, ಮರವನ್ನು ಕಂಡಿಲ್ಲ.

ಈ ಅಪವಾದಕ್ಕೆ ಉತ್ತರವನ್ನು ಮೈಸೂರಿನ ತನಕ ಹೋಗಿ ತರಬೇಕಾಗಿಯೂ ಇಲ್ಲ. ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ಉಪಾಧ್ಯಾಯನಾಗಿ, ಕಾಪುವಿನ ದೀಪಸ್ತಂಭವು ನಿಂತ 1901ರಲ್ಲಿಯೇ ಕ್ಷಯದಿಂದ ತೀರಿಕೊಂಡ ಲಕ್ಷ್ಮೀನಾರಣಪ್ಪನನ್ನು ಕನ್ನಡಿಗರು ಮುದ್ದಣನೆಂದು ಬಲ್ಲರು. ಹಳಗನ್ನಡವನ್ನು ಎಲ್ಲರೂ ಬಿಡುತ್ತಿದ್ದ ಕಾಲದಲ್ಲಿ ಆತನು ಹಳಗನ್ನಡದಲ್ಲಿ ಬರೆದನು. ತನ್ನ ಕೃತಿಯನ್ನು ಯಾವನೋ ಪ್ರಾಚೀನನದೆಂಬ ಸೋಗಿನಿಂದ ಮೈಸೂರಿಗೆ ಕಳುಹಿಸಿದನು. ಚಾವಡಿಯ ತಕ್ಕಡಿಯಲ್ಲಿ ಇವನಷ್ಟು ಕಾಲ ತಪ್ಪಿದವನು ಬೇರೊಬ್ಬನುಂಟೆ? ಆದರೆ 'ರಾಮಾಶ್ವಮೇಧ'ದಲ್ಲಿ ಮುದ್ದಣ ಮನೋರಮೆಯರು ಮಾತಾಡತೊಡಗಿದೊಡನೆ ಹಳೆಯ ಭಾಷೆಯ ಬಾಯಲ್ಲಿ ಇಂದಿನ ಗಂಡಹೆಂಡಿರ ನಗೆಯೇ ಕೇಳಿಸುತ್ತದೆ. ಹೊಸಗನ್ನಡದ ಮುಂಗೋಳಿಯೆಂಬ ಬಿರುದು ಸಂದುದು ಈ ಹಳಗನ್ನಡದ ಕವಿಗೇ. ಮುದ್ದಣನನ್ನು ತಲೆಯ ಮೇಲೆ ಹೊತ್ತು ಮೆರೆಸುವ ಊರಿನವರು ಮೆಟ್ನರನನ್ನೂ ವಾಸುದೇವಾಚಾರ್ಯರನ್ನೂ ಕಾಲಪಂಚಾಂಗ ತೆರೆದು ಅಳೆಯುವುದು ವಿಪರ್ಯಾಸವಲ್ಲದೆ ಮತ್ತೇನು?

ಸಭೆಗಳ ಕಾರ್ಯದರ್ಶಿಗಳು ಈ ಮಾತಿಗೆ ಕಿವಿಗೊಡತಕ್ಕದ್ದು. ವಾಸುದೇವಾಚಾರ್ಯರ ಕೃತಿಯೆಂದರೆ 'ಬ್ರೋಚೇವಾರೆವರುರಾ' ಒಂದೇ ಎಂಬಂತೆ, ಒಡೆಯರ ಕೃತಿಯೆಂದರೆ ಕಛೇರಿಯ ಮೊದಲಿಗೆ ಗಂಟಲು ಸರಿಮಾಡಿಕೊಳ್ಳಲು ಒಂದು ಗಣಪತಿಯ ಹಾಡೆಂಬಂತೆ ನಡೆಯುತ್ತಿರುವ ಪದ್ಧತಿಯು ಕಲಾವಿದರ ಸೋಮಾರಿತನದಿಂದ ಹುಟ್ಟಿ, ಶ್ರೋತೃಗಳ ಸಮ್ಮತಿಯಿಂದ ಬೆಳೆದುದು. ಮುದ್ರಿತವಾದ ಸ್ವರಪ್ರಸ್ತಾರ ಉಂಟು, ಹಾಡಬಲ್ಲವರು ಉಂಟು. ಮುಂದಿನ ನವರಾತ್ರಿಯ ಒಂದು ಸಂಜೆ ಉಡುಪಿಯಲ್ಲಿಯೋ ಕಾರ್ಕಳದಲ್ಲಿಯೋ ಈ ಮೂವರ ಕೃತಿಗಳೇ ಪ್ರಧಾನವಾಗಿ, ಆಲಾಪನೆ ನೆರವಲುಗಳೊಡನೆ, ವಿಸ್ತಾರವಾಗಿ ನಡೆಯಲಿ. ತಕ್ಕಡಿ ಹಿಡಿದವರಿಗೆ ಮೊದಲ ಸಾಲಿನಲ್ಲಿಯೇ ಆಸನ ಕೊಡಲಿ.