ಡಿಕ್ಕ್ಯಾಗ ಡಬ್ಬಿ ಬ್ಯಾಡ ಅಂದ್ರ ಬ್ಯಾಡ

ನಮ್ಮ ಮನ್ಯಾಗ ನಾಕ ದಿನ ಮಾತು ಬಂದ್ ಆಗಿದ್ವು. ಆಸ್ತಿ ಸಲುವಾಗಿ ಅಲ್ಲ, ಹೊಲದ ಬದುವಿನ ಸಲುವಾಗಿ ಅಲ್ಲ, ಒಂದು ಕಟಗಿ ಡಬ್ಬಿ ಸಲುವಾಗಿ. ನಮ್ಮ ಮೈದುನ ಆಲ್ಟೋ ಗಾಡಿಯ ಡಿಕ್ಕ್ಯಾಗ ಹನ್ನೆರಡು ಇಂಚಿನ ಬೂಫರ್ ಡಬ್ಬಿ ಇಡಸ್ತೇನಂತ ಹಟ ಹಿಡದಿದ್ದ. ನಾ ಬ್ಯಾಡ ಅಂದೆ. ಹಾಡು ಬ್ಯಾಡ ಅನ್ನಲಿಲ್ಲ, ಇದನ್ನ ಮೊದಲ ಹೇಳಿಬಿಡತೇನಿ, ಯಾಕಂದ್ರ ಊರಾಗ ಸುದ್ದಿ ಬ್ಯಾರೆನ ಹಬ್ಬೇದ. ನಾ ಅಂದದ್ದು ಇಷ್ಟ: ಹಾಕಸು, ಛಲೋದ ಹಾಕಸು, ಆದ್ರ ಕಣ್ಣಿಗೆ ಕಾಣಬಾರದು, ಗಾಡಿ ಹೊರಗ ಕೇಳಬಾರದು.

"ಹಂಗಿದ್ರ ಹಾಕಸೂದರ ಯಾಕ್ರಿ ವೈನಿ?" ಅಂದ ಅವ.

"ಕಾಣಲಾರದ್ದಕ್ಕ ಇಪ್ಪತ್ತು ಸಾವಿರಾ?" ಅಂದ್ರು ಪಡಸಾಲ್ಯಾಗ ಕುಂತ ನಮ್ಮ ಮಾವಾರು.

ನೋಡ್ರಿ, ಒಬ್ಬವ ಹುಡುಗ, ಒಬ್ಬರು ಹಿರ್ಯಾರು. ಒಬ್ಬಂವಗ ರೊಕ್ಕ ಖರ್ಚು ಮಾಡೂದು ಹುಚ್ಚು, ಇನ್ನೊಬ್ಬರಿಗೆ ರೊಕ್ಕ ಉಳಸೂದು ಹುಚ್ಚು. ಆದ್ರ ಇಬ್ಬರ ಲೆಕ್ಕಾನೂ ಒಂದ: ಮಂದಿಗೆ ಕಾಣದಿದ್ರ ಅದು ಇದ್ದಂಗಲ್ಲ. ಕಳ್ಳಕವಟಗಿ ಹುಡುಗರು ನನ್ನ ವಿಚಾರಕ್ಕ "ಕಳ್ಳ ಸೌಂಡು" ಅಂತ ಹೆಸರೂ ಇಟ್ರು. ಇಡ್ಲಿ. ಊರ ಹೆಸರಾಗ ಇದ್ದದ್ದು ನಮ್ಮ ಗಾಡಿಗೂ ಬಂತು.

ಮೊದಲ ಡಿಕ್ಕಿ ಮಾತು. ಡಿಕ್ಕಿ ಯಾರದು? ಡ್ರೈವರ್ ಸೀಟಿನ್ಯಾಗ ಕುಂಡ್ರಾವ್ರದಲ್ಲ, ಮನಿದು. ಜ್ವಾಳದ ಚೀಲ ಗಿರಣಿಗೆ ಹೋಗೂದು ಅದರಾಗ. ದ್ರಾಕ್ಷಿಗೆ ಹೊಡಿಯೂ ಔಷಧ, ಮಾರ್ಚ್ ತಿಂಗಳಾಗ ಬೀಗರಿಗೆ ಕೊಡೂ ಮಣೂಕದ ಬಾಕ್ಸು, ಎಳ್ಳಮಾಸಿಗೆ ಚರಗ ಚೆಲ್ಲಲಾಕ ಹೋಗೂವಾಗ ಬುತ್ತಿ ಗಂಟು, ಅತ್ತ್ಯಾರ್ನ ವಿಜಯಪುರದ ದವಾಖಾನಿಗೆ ಕರಕೊಂಡು ಹೊಂಟ್ರ ಹಾಸಿಗಿ, ನೀರಿನ ಕ್ಯಾನು, ಎಲ್ಲಾ ಅದರಾಗ. ಆಲ್ಟೋ 800ರ ಡಿಕ್ಕಿ ಅಂದ್ರ 177 ಲೀಟರ್. ಗಾಳಿ ಕಿಂಡಿ ಇರೂ ಹನ್ನೆರಡು ಇಂಚಿನ ಬೂಫರ್ ಡಬ್ಬಿಗೆ ಒಳಗಿನ ಟೊಳ್ಳ ಸುಮಾರು 50 ಲೀಟರ್ ಬೇಕು. ಅದರ ಮ್ಯಾಲ ಕಟಗಿ ದಪ್ಪ, ಆಂಪು, ವೈರು. ಅರ್ಧ ಡಿಕ್ಕಿ ಹೋತು. ಉಳಿದ ಅರ್ಧದಾಗ ಅತ್ತ್ಯಾರ ಹಾಸಿಗಿ ಇಡೂದೊ, ಜ್ವಾಳದ ಚೀಲ ಇಡೂದೊ? ಇದಕ್ಕ ಮೈದುನ ಉತ್ತರಾನ ಕೊಡಲಿಲ್ಲ. "ಹಿಂದಿನ ಸೀಟಿನ ಮ್ಯಾಲ ಇಡೂನಂತ" ಅಂದ. ಹಂಗಾದ್ರ ಅತ್ತ್ಯಾರು ಎಲ್ಲೆ ಕುಂಡ್ರೂದು, ಡಬ್ಬಿ ಮ್ಯಾಲೇನು?

ಇನ್ನ ಆ ಡಬ್ಬಿ ಹದಿನೈದು ಇಪ್ಪತ್ತು ಕಿಲೋ ತೂಗ್ತದ. ಬಿಗದು ಕಟ್ಟದ ಇಟ್ಟವ್ರ್ನ ನಾ ಕಂಡೇನಿ. ಎಮ್ಮಿ ಅಡ್ಡ ಬಂತಂತ ಬ್ರೇಕ್ ಹೊಡದ್ರ ಅದು ಹಿಂದ ಕುಂತವ್ರ ಬೆನ್ನಿಗೆ ಬಂದು ಬಡಿತದ.

ಮಾವಾರಿಗೆ ನಾ ಹೇಳಿದ್ದು ಬ್ಯಾರೆ. ದ್ರಾಕ್ಷಿ ತೋಟಕ್ಕ ನೀವು ಹಾಕಿದ ರೊಕ್ಕ ಎಷ್ಟು ಕಾಣಸ್ತದ ಮಾವಾರ? ಬೋರಿಗೆ ಸುರದದ್ದು ನೆಲದಾಗ ಹೋತು. ಡ್ರಿಪ್ಪಿನ ಮೇನ್ ಪೈಪು ಹುಗದ್ರಿ, ಮ್ಯಾಲ ಮಣ್ಣು ಹಾಕಿದ್ರಿ. ಮನಿ ಪಾಯಾ ಯಾವ ಬೀಗರಿಗೆ ತೋರಿಸಿದ್ರಿ? ಕಾಣೂದಕ್ಕ ರೊಕ್ಕ ಹಾಕೂದು ಕಮಾನು ಕಟ್ಟವ್ರ ಕೆಲಸ. ಒಕ್ಕಲತನ ಮಾಡವ್ರ ರೊಕ್ಕ ಯಾವಾಗ್ಲೂ ನೆಲದಾಗ ಇರ್ತದ. ಇಷ್ಟಂದೆ. ಮಾವಾರು ಏನೂ ಅನ್ನಲಿಲ್ಲ, ಚಾ ಕೇಳಿದ್ರು. ನಮ್ಮ ಮನ್ಯಾಗ ಅದನ್ನ ಒಪ್ಪಿಗಿ ಅಂತ ತಿಳಕೋಬೇಕು.

"ಗಾಡ್ಯಾಗ ಹಾಡ್ಯಾಕ ಬೇಕು, ಸುಮ್ನ ಹೊಡಕೊಂಡು ಹೋಗ್ರಿ" ಅನ್ನವ್ರೂ ಅದಾರ. ಗಾಡ್ಯಾಗ ಹಾಡು ನಿನ್ನೆ ಮೊನ್ನಿ ಚಟ ಅಲ್ರಿ. ಮೋಟೊರೋಲಾ ಅಂತ ಫೋನಿನ ಹೆಸರು ಕೇಳೀರಲ್ಲ, ಅದು ಮೊದಲ ಇಟ್ಟದ್ದು 1930ರಾಗ, ಅಮೆರಿಕಾದಾಗ, ಮೋಟಾರು ಗಾಡಿಗೆ ಕೂಡಸೂ ರೇಡಿಯೊಕ್ಕ. ಮತ್ತ ನಮ್ಮ ಮನ್ಯಾಗ ಇದರ ಗರಜು ಇದ್ದದ್ದು ಮೈದುನಗಷ್ಟ ಅಲ್ಲ, ಅತ್ತ್ಯಾರಿಗೆ.

ಅತ್ತ್ಯಾರು ಗಾಡಿ ಹತ್ತಿದ್ರ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಬೇಕು. ಜ್ಞಾನಯೋಗಾಶ್ರಮದ ಅಪ್ಪಾರು ನಮ್ಮ ಈ ಕಡೆ ಬಿಜ್ಜರಗಿಯಾಗ ಹುಟ್ಟಿದವರು. 2023ರ ಜನವರಿ 2ಕ್ಕ ಅವರು ಲಿಂಗೈಕ್ಯರಾದ ಮ್ಯಾಲಂತೂ ಅತ್ತ್ಯಾರಿಗೆ ಆ ಧ್ವನಿನ ಎಲ್ಲಾ. ಅವರು ಮಾತಾಡೂ ರೀತಿ ಕೇಳಿದವ್ರಿಗೆ ಗೊತ್ತು. ಏರಿಸಿ ಮಾತಾಡವ್ರಲ್ಲ. ಸಾವಕಾಶ ಒಂದು ಮಾತು, ಆಮ್ಯಾಲ ಸುಮ್ನಿರೂದು, ಆಮ್ಯಾಲ ಇನ್ನೊಂದು ಮಾತು. ಸಣ್ಣ ಗಾಡಿ ಅರವತ್ತರ ಮ್ಯಾಲ ಹೊಂಟ್ರ ಟಾಯರಿಂದು, ಗಾಳಿದು, ಇಂಜಿನ್ನಿಂದು ಗದ್ದಲ ಸೇರಿ ಆ ಮಾತು ಮುಳಗೇ ಹೋಗ್ತದ. ಆವಾಜ್ ಏರಿಸಿದ್ರ ಬಾಗಿಲ ಪತರಾ ನಡಗ್ತದ, ಮಾತು ತಿಳಿಯೂದಿಲ್ಲ. "ಏನಂದ್ರು? ಏನಂದ್ರು?" ಅಂತ ಅತ್ತ್ಯಾರು ತಿಕೋಟಾ ತನಕ ಕೇಳವರು. ಆಮ್ಯಾಲ ಕೇಳೂದ ಬಿಟ್ರು, ಕಿಟಕಿ ಹೊರಗ ನೋಡಕೋತ ಕುಂಡರತಿದ್ರು. ನನಗ ಸಿಟ್ಟು ಬಂದದ್ದು ಅಲ್ಲೆ.

ಬೂಫರ್ ದೊಡ್ಡದ ಹಾಕಿದ್ರ ಎಲ್ಲಾ ಸುದ್ದ ಕೇಳಸ್ತದ ಅನ್ನೂದು ಅಂಗಡಿಯವ್ರ ಮಾತು, ಖರೆ ಅಲ್ಲ. ಹಳಿ ಲ್ಯಾಂಡ್‌ಲೈನ್ ಫೋನು ಕಳಸತಿದ್ದದ್ದು 300ರಿಂದ 3,400 ಹರ್ಟ್ಜ್ ತನಕದ ಧ್ವನಿ ಅಷ್ಟ. ಅಷ್ಟರಾಗ ನಾವು ಮದವಿ ಮಾತು ಮುಗಸೀವಿ, ಸತ್ತ ಸುದ್ದಿ ಕೇಳೀವಿ, ಎಲ್ಲಾ ತಿಳೀತು. ಬೂಫರ್ ಕೆಲಸ 80 ಹರ್ಟ್ಜಿನ ಕೆಳಗ. ಮಾತಿಗೂ ಅದಕ್ಕೂ ಸಂಬಂಧಾನ ಇಲ್ಲ. ಮಾತಿಗೆ ಬೇಕಾದದ್ದು ಮುಂದಿನ ಬಾಗಿಲದಾಗ ಎರಡು ಛಲೋ ಸ್ಪೀಕರು ಮತ್ತ ನಡಗಲಾರದ ಬಾಗಿಲು.

ಬಾಗಿಲದ ಸುದ್ದಿ ಯಾರೂ ಹೇಳೂದಿಲ್ಲ, ಅದಕ್ಕ ನಾ ಹೇಳತೇನಿ. ಸ್ಪೀಕರ್ ಮುಂದ ಗಾಳಿ ನೂಕಿದಾಗ ಹಿಂದ ಗಾಳಿ ಎಳಿತದ. ಬಾಗಿಲ ಒಳಗಿನ ತಗಡಿನ್ಯಾಗ ಕೈ ಹಿಡಿಯೂವಷ್ಟು ದೊಡ್ಡ ತೂತು ಇರ್ತಾವ. ಹಿಂದಿನ ಗಾಳಿ ಆ ತೂತಿನಿಂದ ಸುತ್ತಿ ಮುಂದ ಬಂದು, ಮುಂದಿಂದು ಹಿಂದಿಂದು ಒಂದನ್ನೊಂದು ತಿಂದುಹಾಕ್ತಾವ. ಹಲಗಿ ಹಾಡು ಹಚ್ಚಿದ್ರ ತಗಡ ಬಡದಂಗ ಕೇಳೂದು ಅದಕ್ಕ. ಆ ತೂತು ಮುಚ್ಚಬೇಕು, ತಗಡಿಗೆ ಬ್ಯುಟೈಲ್ ಹಾಳಿ ಅಂಟಸಬೇಕು. ಡಾಂಬರಿನ ಸ್ವಸ್ತ ಹಾಳಿ ಬ್ಯಾಡ. ನಮ್ಮ ಬ್ಯಾಸಗ್ಯಾಗ ಅದು ಮೆತ್ತಗಾಗಿ ಇಳಿತದ, ಗಾಡಿ ತುಂಬ ರಸ್ತಾ ಹಾಕೂ ವಾಸನಿ. ಇನ್ನೊಂದು, ಬಾಗಿಲ ಬುಡದಾಗ ಇರೂ ಸಣ್ಣ ತೂತು ಮುಚ್ಚಬ್ಯಾಡ್ರಿ. ಅವು ಮಳಿ ನೀರು ಹೋಗಲಾಕ ಇರೂವು. ಮುಚ್ಚಿದ್ರ ಬಾಗಿಲು ಒಳಗಿಂದ ತುಕ್ಕು ತಿಂತದ.

ಇನ್ನ ವ್ಯಾಟು. ಡಬ್ಬಿ ಮ್ಯಾಲ 1,200 ವ್ಯಾಟ್ ಅಂತ ಬರದಿರ್ತಾರ. ಅಂಗಡ್ಯಾಗ ನೀವು ಮಾಡೂದು ಇಷ್ಟ: ಆಂಪ್ ತಿರುವಿ ಅದಕ್ಕ ಚುಚ್ಚಿದ ಫ್ಯೂಜ್ ನೋಡ್ರಿ. 30 ಅಂತ ಇತ್ತಂದ್ರ ಅದು 30 ಆಂಪಿಯರ್. ಗಾಡಿ ಚಾಲೂ ಇದ್ದಾಗ ಹೆಚ್ಚಂದ್ರ 14 ವೋಲ್ಟ್. ಗುಣಾಕಾರ ಮಾಡಿದ್ರ 420. ಒಳಗ ಹೋಗೂದ 420 ಇದ್ದಾಗ ಹೊರಗ 1,200 ಎಲ್ಲಿಂದ ಬರ್ತದ? ಅದರಾಗೂ ಕಾವಾಗಿ ಹೋಗೂದು ಬ್ಯಾರೆ. ಎಮ್ಮಿಗೆ ಹಾಕಿದ ಮೇವಿಗಿಂತ ಹಾಲು ಹೆಚ್ಚು ಅಂದಂಗಾತು. ಮತ್ತ ವ್ಯಾಟ್ ಎರಡು ಪಟ್ಟು ಮಾಡಿದ್ರೂ ಧ್ವನಿ ಏರೂದು ಮೂರ ಡೆಸಿಬಲ್. ಕಿವಿಗೆ ಅದು ಸ್ವಲ್ಪ ಹೆಚ್ಚಾತು ಅನಸ್ತದ, ಅಷ್ಟ.

ಇದನ್ನೆಲ್ಲಾ ನಾ ಹೆಂಗ ಕಲತೆ ಅಂದ್ರ, ಸುಟ್ಟುಕೊಂಡು ಕಲತೆ. ಎರಡು ವರ್ಷದ ಹಿಂದ ಮೈದುನ ಒಂದು ಅಂಗಡ್ಯಾಗ ಆಂಪು ಹಾಕಿಸಿಕೊಂಡು ಬಂದಿದ್ದ. ಯಾವ ಅಂಗಡಿ ಅಂತ ಹೇಳೂದಿಲ್ಲ. ಬ್ಯಾಟರಿಯಿಂದ ದಪ್ಪ ವೈರು ಎಳದು, ಇಂಜಿನ್ ಕಡೆಯಿಂದ ಒಳಗ ತಗಡಿನ ತೂತಿನ್ಯಾಗ ಹಂಗ ತೂರಿಸಿದ್ರು. ತೂತಿಗೆ ರಬ್ಬರ್ ಬಳಿ ಇಲ್ಲ, ಬ್ಯಾಟರಿ ಹತ್ರ ಫ್ಯೂಜ್ ಇಲ್ಲ. ಆರು ತಿಂಗಳು ಗಾಡಿ ನಡಗಿದಂಗ ವೈರು ತಗಡಿಗೆ ಉಜ್ಜಿ ಉಜ್ಜಿ ಸಿಪ್ಪಿ ಹರದದ. ದವಾಖಾನಿಯಿಂದ ಬರೂವಾಗ ಕತ್ತಲಾಗಿತ್ತು, ಹಿಂದ ಅತ್ತ್ಯಾರು ಮಲಗಿದ್ರು. ಸುಟ್ಟ ವಾಸನಿ ಬಂತು. ಹೊರಗ ಯಾರೋ ಕಸ ಸುಡಾಕತ್ತಾರ ಅನಕೊಂಡ್ವಿ. ಆಮ್ಯಾಲ ಡ್ಯಾಶ್‌ಬೋರ್ಡ್ ಕೆಳಗಿಂದ ಹೊಗಿ. ಅತ್ತ್ಯಾರ್ನ ಎಬ್ಬಿಸಿ ಕೆಳಗ ಇಳಸಲಾಕ ಎಷ್ಟು ಹೊತ್ತು ಹಿಡೀತು ಅನ್ನೂದು ನನಗ ಇವತ್ತಿಗೂ ನಿದ್ದ್ಯಾಗ ಬರ್ತದ, ಅವರ ಮೊಣಕಾಲು ಮಡಚೂದಿಲ್ಲ. ನಮ್ಮನಿಯವರು ಬಾನಟ್ ತಗದು ಬ್ಯಾಟರಿ ತಂತಿ ಕಿತ್ತಿದ್ರು, ಅಂಗೈ ಸುಟ್ಟುಕೊಂಡ್ರು. ಗಾಡಿ ಉಳೀತು.

"ಹನ್ನೆರಡು ವೋಲ್ಟ್ ಏನ್ ಮಾಡ್ತದ, ಶಾಕ್ ಸುದ್ದ ಹೊಡಿಯೂದಿಲ್ಲ" ಅಂತ ಅಂಗಡಿಯವ ಅಂದ. ಶಾಕ್ ಹೊಡಿಯೂದಿಲ್ಲ ಖರೆ. ಆದ್ರ ತಂತಿ ತಗಡಿಗೆ ಹತ್ತಿದ್ರ ಬ್ಯಾಟರಿ ನೂರಾರು ಆಂಪಿಯರ್ ಒಮ್ಮೆಲೆ ಸುರೂತದ, ತಂತಿ ಕೆಂಡ ಆಗ್ತದ. ಬ್ಯಾಟರಿಯಿಂದ ಒಂದು ಮೊಳದೊಳಗ ಫ್ಯೂಜ್ ಇರಬೇಕು. ನೂರೋ ಇನ್ನೂರೋ ರೂಪಾಯಿ ಸಾಮಾನು. ಮಿಣಿಮಿಣಿ ನೀಲಿ ದೀಪ ಹಾಕಿಕೊಟ್ಟಿದ್ದ ಆ ಪುಣ್ಯಾತ್ಮ, ಫ್ಯೂಜ್ ಹಾಕಿರಲಿಲ್ಲ. ದೀಪ ಕಾಣಸ್ತದ, ಫ್ಯೂಜ್ ಕಾಣೂದಿಲ್ಲ, ಅದಕ್ಕ.

ಅಡಗಸೂದು ಅಂದ ಕೂಡ್ಲೆ ಅದೂ ಒಂದು ಹುಚ್ಚಾಗಬಾರದು, ಇದನ್ನೂ ಹೇಳಬೇಕು. ಕೆಲವರು ಸ್ಟೆಪ್ನಿ ತಗದು ಆ ಗುಂಡ್ಯಾಗ ಬೂಫರ್ ಕೂಡಸ್ತಾರ. ಮ್ಯಾಲ ಚಾಪಿ ಹಾಸಿದ್ರ ಏನೂ ಕಾಣೂದಿಲ್ಲ, ಭಾಳ ಚಂದ. ರಾತ್ರಿ ಹನ್ನೊಂದಕ್ಕ ನಮ್ಮ ಅಡ್ಡರಸ್ತಾದಾಗ ಪಂಚರ್ ಆದ್ರ ಬೂಫರ್ ಹಾಕಿಕೊಂಡು ಮನಿಗೆ ಬರ್ತೀರೇನು? ಇನ್ನ ಕೆಲವರು ಮುಂದಿನ ಕಂಬದಾಗ, ಡ್ಯಾಶ್‌ಬೋರ್ಡಿನ್ಯಾಗ ಕೊರದು ಸಣ್ಣ ಸ್ಪೀಕರ್ ಹುಗಸ್ತಾರ. ಏರ್‌ಬ್ಯಾಗ್ ಇದ್ದ ಗಾಡ್ಯಾಗ ಅದು ಹೊರಗ ಬರೂ ದಾರ್ಯಾಗ ಏನೂ ಇರಬಾರದು, ಅದರ ಹಳದಿ ವೈರು ಮುಟ್ಟಬಾರದು. ಕಂಪನಿ ವೈರು ಕಡಿಯೂದೂ ಬ್ಯಾಡ, ಗಾಡಿಗೆ ಹೊಂದೂ ಕಪ್ಲರ್ ಸಿಗ್ತಾವ, ಚುಚ್ಚಿದ್ರ ಆತು. ನಾಳೆ ಗಾಡಿ ಮಾರೂವಾಗ ಎಲ್ಲಾ ಬಿಚ್ಚಿ ಮೊದಲಿನಂಗ ಮಾಡಲಾಕ ಬರಬೇಕು.

ಮೈದುನನ ಮಾತಿನ್ಯಾಗ ಒಂದು ಖರೆ ಇತ್ತು, ಒಪ್ಪಬೇಕು. ಎದಿಗೆ ಬಡಿಯೂ ಸ್ವರ ಬೇಕು ಅಂದ. ಕರಡಿ ಮಜಲು, ಡೊಳ್ಳು, ಹಲಗಿ ಕೇಳಿ ಬೆಳದ ಹುಡುಗನಿಗೆ ಅದು ಬ್ಯಾಡ ಅನ್ನಲಾಕ ನಾ ಯಾರು? ಅದಕ್ಕ ಮುಂದಿನ ಸೀಟಿನ ಕೆಳಗ ಅಳತಿ ಹಿಡದು ಚಪ್ಪಟಿ ಬೂಫರ್ ಹಾಕಿಸಿದ್ವಿ, ಆಂಪು ಅದರೊಳಗ ಇರ್ತದ. ಹನ್ನೆರಡು ಇಂಚಿನ ಮುಂದ ಅದು ಕೂಸು ಅಂತ ಮೈದುನ ಮೂಗು ಮುರದ. ಗಾಡಿ ಸಣ್ಣದೈತಲ್ಲೊ ತಮ್ಮಾ, ನಾಕು ಮಂದಿ ಕುಂಡ್ರೂ ಖೋಲಿ ಅದು, ದರಬಾರ್ ಹೈಸ್ಕೂಲ್ ಮೈದಾನ ಅಲ್ಲ.

"ಆದ್ರೂ ಮಂದಿಗೆ ಗೊತ್ತಾಗಬೇಕಲ್ರಿ ವೈನಿ" ಅಂದ. ಇದು ಅವನೊಬ್ಬನ ಮಾತಲ್ಲ. ಮದವಿಗೆ ಡಿಜೆ, ಗಣಪತಿಗೆ ಡಿಜೆ, ಜಯಂತಿಗೆ ಡಿಜೆ. ಮೆರವಣಿಗಿ ಓಣಿಗೆ ಬಂದ್ರ ಮಾಡದಾಗಿನ ಭಾಂಡಿ ನಡಗ್ತಾವ, ತೊಟ್ಟಿಲ ಕೂಸು ಚಿಟ್ಟನ ಚೀರ್ತದ, ಬಿಪಿ ಇದ್ದವ್ರು ಹಿತ್ತಲಕ್ಕ ಹೋಗಿ ಕುಂಡರತಾರ. ಯಾರೂ ಬ್ಯಾಡ ಅನ್ನೂದಿಲ್ಲ, ಅಂದ್ರ ದೇವರ ವಿರೋಧಿ, ಜಾತಿ ವಿರೋಧಿ. ಆ ಡಿಜೆ ಮರಿ ಹಾಕೇದ, ಅದು ಗಾಡಿ ಡಿಕ್ಕ್ಯಾಗಿನ ಡಬ್ಬಿ. ವಸತಿ ಜಾಗಾದಾಗ ಹಗಲು 55, ರಾತ್ರಿ 45 ಡೆಸಿಬಲ್ ದಾಟಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮ ಹೇಳ್ತದ. ಗಾಡ್ಯಾಗ ಕುಂತವ್ರ ಕಿವಿದೂ ಕೇಳ್ರಿ: 85 ಡೆಸಿಬಲ್ ಎಂಟು ತಾಸು ಕೇಳಬಹುದು ಅಂತ ಹಿಡದ್ರ, ಮೂರು ಏರಿದಂಗೊಮ್ಮೆ ವೇಳೆ ಅರ್ಧ ಆಗ್ತದ. 100ಕ್ಕ ಹದಿನೈದ ನಿಮಿಷ. ವಿಜಯಪುರ ಮುಟ್ಟೂದರಾಗ ಕಿವಿ ಲೆಕ್ಕ ಮುಗೀತು.

ನಾವು ಯಾವ ಜಿಲ್ಲಾದವ್ರು ಅನ್ನೂದನ್ನ ಮರತೀವಿ ಅನಸ್ತದ. ಮೊಹಮ್ಮದ್ ಆದಿಲ್‌ಶಾಹನ ಗೋಳಗುಮ್ಮಟ ನಮ್ಮ ಕಣ್ಮುಂದ ಅದ. ಹೋದವ್ರೆಲ್ಲಾ ಮ್ಯಾಲ ಹತ್ತಿ ಸೀಟಿ ಹೊಡಿತಾರ, ಹೋ ಅಂತ ಚೀರ್ತಾರ, ಒಬ್ಬರ ಚೀರಾಟ ಇನ್ನೊಬ್ಬರ ಚೀರಾಟಕ್ಕ ಸೇರಿ ಸಂತಿ ಆಗ್ತದ. ಅಲ್ಲಿ ಸೋಜಿಗ ಚೀರೂದಲ್ಲ. ಗೋಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ದು ಆ ದಂಡಿಯೊಳಗ ಗೋಡಿಗೆ ಕಿವಿ ಹಚ್ಚಿದವ್ರಿಗೆ ಕೇಳೂದು. ಸಣ್ಣಾಕಿ ಇದ್ದಾಗ ಒಮ್ಮೆ ಬೆಳಿಗ್ಗೆ ಮಂದಿ ಇಲ್ಲದಾಗ ನಮ್ಮ ಅಪ್ಪ ಆ ಕಡಿಂದ ನನ್ನ ಹೆಸರು ಕರದದ್ದು ನನಗಿನ್ನೂ ನೆನಪದ. ನೂರಾ ಇಪ್ಪತ್ತು ಫೂಟಿನ ಆಚೆ. ಸ್ಪೀಕರ್ ಇಲ್ಲ, ತಂತಿ ಇಲ್ಲ, ಗೋಡಿ ಅಷ್ಟ.

ಒಟ್ಟು ಖರ್ಚು 20,500. ಕಣ್ಣಿಗೆ ಕಾಣೂವಂಥದ್ದು ಏನೂ ಇಲ್ಲ. ಅಡಗಿಸಿದ್ದಕ್ಕ ತ್ರಾಸೂ ಅದ, ಸುಳ್ಳ್ಯಾಕ ಹೇಳಲಿ. ಏನರ ಕೆಟ್ರ ಬಾಗಿಲ ಬಿಚ್ಚಬೇಕು, ಸೀಟ್ ಎತ್ತಬೇಕು, ಫಿಟಿಂಗ್ ಹುಡುಗ ಎರಡು ದಿನ ತಗೊಂಡ, ಡಬ್ಬಿ ಆಗಿದ್ರ ಒಂದು ತಾಸಿನ ಕೆಲಸ. ಮೈದುನ ದೋಸ್ತರ್ನ ಕೂಡಿಸಿಕೊಂಡು ಹೋದ್ರ "ಎಲ್ಲದಲೇ?" ಅಂತ ಹುಡುಕ್ತಾರಂತ. ಅದನ್ನ ಹೇಳೂವಾಗ ಅವನ ಮಾರಿ ಮ್ಯಾಲ ಸ್ವಲ್ಪ ಹೆಮ್ಮಿ ಇರ್ತದ, ನನ್ನ ಮುಂದ ಒಪ್ಪೂದಿಲ್ಲ.

ಹ್ವಾದ ಸೋಮವಾರ ಅತ್ತ್ಯಾರ್ನ ತೋರಿಸಿಕೊಂಡು ಬರಾಕತ್ತಿದ್ವಿ. ಪ್ರವಚನ ಹಚ್ಚಿತ್ತು, ಎಲ್ಲಾರೂ ಸುಮ್ನಿದ್ರು. ನಡುವ ಅತ್ತ್ಯಾರು ನನ್ನ ಭುಜಾ ಮುಟ್ಟಿ, "ಯವ್ವಾ, ಅಪ್ಪಾರು ಕೆಮ್ಮಿದ್ರು, ಕೇಳಿದೇನು?" ಅಂದ್ರು.

ಎಡಗಡಿ ಬಾಗಿಲು ಮಾತ್ರ ಇನ್ನೂ ಹಂಪ್ ಬಂದ್ರ ಟಕ್ ಅಂತದ. ಒಂದು ಕ್ಲಿಪ್ ಮುರದದ ಅಂತ ಮೈದುನ ಅಂತಾನ. ಐತವಾರ ಬಿಚ್ಚವ್ರ ಅದೇವಿ.